ಎಂಎಸ್ ರೋಗಿಗೆ ರಿಹ್ಯಾಬ್: ಖರ್ಚು ಕಣ್ಣಿಗೆ ಕಾಣುತ್ತದೆ, ಉಳಿತಾಯ ಕಾಣುವುದಿಲ್ಲ

ಮಲ್ಟಿಪಲ್ ಸ್ಕ್ಲೆರೋಸಿಸ್ ಅಥವಾ ಎಂಎಸ್ ಹೆಚ್ಚಾಗಿ 20ರಿಂದ 40ರ ವಯಸ್ಸಿನೊಳಗೆ ಶುರುವಾಗುವ ಕಾಯಿಲೆ. ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ. ದೇಹದ ರೋಗನಿರೋಧಕ ವ್ಯವಸ್ಥೆಯೇ ಮೆದುಳು ಮತ್ತು ಬೆನ್ನುಹುರಿಯ ನರಗಳ ಹೊದಿಕೆಯ ಮೇಲೆ ದಾಳಿ ಮಾಡುತ್ತದೆ. ಕಾಲಿನ ಬಲಹೀನತೆ, ಕಣ್ಣು ಮಂಜಾಗುವುದು, ಮೂತ್ರದ ತೊಂದರೆ, ವಿಪರೀತ ಸುಸ್ತು ಇದರ ಲಕ್ಷಣಗಳು.

ದುಡಿಯುವ ವಯಸ್ಸಿನಲ್ಲೇ ಬರುವುದರಿಂದ ಮನೆಯ ಆದಾಯಕ್ಕೂ ಪೆಟ್ಟು ಬೀಳುತ್ತದೆ. 'ಔಷಧಿಗೇ ಹಣ ಸಾಲುವುದಿಲ್ಲ, ಇನ್ನು ಫಿಸಿಯೋಥೆರಪಿ ಯಾಕೆ?' ಅಂತ ಕೆಲವರು ಮೊದಲು ಅದನ್ನೇ ನಿಲ್ಲಿಸಿಬಿಡುತ್ತಾರೆ.

ರಿಹ್ಯಾಬ್‌ನಿಂದ ರೋಗ ಗುಣವಾಗುವುದಿಲ್ಲ, ಅದು ಔಷಧಿಗೆ ಬದಲಿಯೂ ಅಲ್ಲ. ಔಷಧಿ ಹೊಸ ದಾಳಿಗಳನ್ನು ಕಡಿಮೆ ಮಾಡಲು. ನಡೆಯುವುದು, ಸ್ನಾನ, ಅಡುಗೆ, ಕೆಲಸ ಆದಷ್ಟು ಕಾಲ ಸ್ವಂತವಾಗಿ ಮಾಡಿಕೊಳ್ಳಲು ರಿಹ್ಯಾಬ್. ಇದರಲ್ಲಿ ಫಿಸಿಯೋಥೆರಪಿಯ ಜೊತೆಗೆ ಮೂತ್ರ ನಿಯಂತ್ರಣದ ತರಬೇತಿ, ಮಾತು ಮತ್ತು ನುಂಗುವಿಕೆಯ ಚಿಕಿತ್ಸೆ, ಕೌನ್ಸೆಲಿಂಗ್ ಕೂಡ ಸೇರುತ್ತವೆ.

ಈಗ ಲೆಕ್ಕಕ್ಕೆ ಬರೋಣ. ಉದಾಹರಣೆಗೆ, ಕುಂಬಳೆಯಿಂದ ಮಂಗಳೂರಿಗೆ ವಾರಕ್ಕೆರಡು ಸಲ ಹೋಗುವವರಿದ್ದಾರೆ ಎನ್ನಿ. ಒಂದು ಸಲಕ್ಕೆ ಫೀಸು 500, ವಾಹನಕ್ಕೆ 400, ಜೊತೆಗೆ ಬರುವವರ ಒಂದು ದಿನದ ಸಂಬಳ 600 ರೂ. ಎಂದಿಟ್ಟುಕೊಳ್ಳಿ. ತಿಂಗಳಿಗೆ ಎಂಟು ಸಲ, ಒಟ್ಟು 12,000 ರೂ. ಅದರಲ್ಲಿ ಚಿಕಿತ್ಸೆಗೆ ಹೋದದ್ದು 4,000 ಮಾತ್ರ. ಉಳಿದದ್ದೆಲ್ಲ ಹೋಗಿ ಬರುವ ಖರ್ಚು!

ಹಾಗಾಗಿ ವ್ಯಾಯಾಮಗಳನ್ನು ಥೆರಪಿಸ್ಟ್ ಹತ್ತಿರ ಸರಿಯಾಗಿ ಕಲಿತು ಮನೆಯಲ್ಲಿ ದಿನವೂ ಮಾಡಿದರೆ ಖರ್ಚು ಇಳಿಯುತ್ತದೆ. ತಿಂಗಳಿಗೆ ಎರಡು ಸಲ ತೋರಿಸಿದರೆ ಸಾಕಾಗುವವರಿಗೆ ಇದೇ ಲೆಕ್ಕದಲ್ಲಿ 3,000 ರೂ. ರೋಗ ಉಲ್ಬಣಿಸಿದಾಗ ಮಾತ್ರ ಡಾಕ್ಟರ್ ಹೇಳಿದಷ್ಟು ಸಲ ಹೋಗಲೇಬೇಕು. ಮೈ ಬಿಸಿಯಾದರೆ ಎಂಎಸ್ ಲಕ್ಷಣಗಳು ತಾತ್ಕಾಲಿಕವಾಗಿ ಹೆಚ್ಚುತ್ತವೆ. ನಮ್ಮ ಕರಾವಳಿಯ ಸೆಕೆಗೆ ಬೆಳಗ್ಗಿನ ತಂಪು ಹೊತ್ತೇ ಒಳ್ಳೆಯದು. ಬಿಟ್ಟುಬಿಟ್ಟರೆ ಗಳಿಸಿದ ಬಲ ನಿಧಾನವಾಗಿ ಕರಗುತ್ತದೆ.

ಲಾಭದ ಬದಿ ಎಲ್ಲೂ ಬಿಲ್ ಆಗಿ ಬರುವುದಿಲ್ಲ. ಬಿದ್ದು ಮೂಳೆ ಮುರಿಯದಿರುವುದು, ಹಾಸಿಗೆ ಹುಣ್ಣು ಆಗದಿರುವುದು, ಕೆಲಸ ಉಳಿಯುವುದು, ನೋಡಿಕೊಳ್ಳಲು ಮನೆಯ ಇನ್ನೊಬ್ಬರು ದುಡಿಮೆ ಬಿಡಬೇಕಾಗದಿರುವುದು, ಇವೇ ಉಳಿತಾಯ. ಒಂದು ಮೂಳೆ ಮುರಿದರೆ ಆಗುವ ಆಸ್ಪತ್ರೆ ಖರ್ಚಿನ ಎದುರು ತಿಂಗಳ 3,000 ದೊಡ್ಡದಲ್ಲ.

ಸರಕಾರಿ ನೆರವೂ ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳ ಪಟ್ಟಿಯಲ್ಲಿ ಎಂಎಸ್ ಸೇರಿದೆ. 40% ಅಥವಾ ಹೆಚ್ಚಿನ ವೈಕಲ್ಯದ ಪ್ರಮಾಣಪತ್ರ ಇದ್ದರೆ ಹಲವು ಸೌಲಭ್ಯಗಳಿಗೆ ಅರ್ಜಿ ಹಾಕಬಹುದು. ಕೇರಳದಲ್ಲಿ 2008ರಿಂದ ಪಾಲಿಯೇಟಿವ್ ನೀತಿ ಇದೆ. ಹಾಸಿಗೆ ಹಿಡಿದವರ ಮನೆಗೇ ನರ್ಸ್ ಬರುವ ವ್ಯವಸ್ಥೆಯ ಬಗ್ಗೆ ಕಾಸರಗೋಡಿನವರು ತಮ್ಮ ಪಂಚಾಯತ್‌ನಲ್ಲಿ ವಿಚಾರಿಸಬಹುದು.

ಖರ್ಚು ಉಳಿಸಬೇಕಾದರೆ ಮೊದಲು ಓಡಾಟ ಕಡಿಮೆ ಮಾಡಿ, ವ್ಯಾಯಾಮವನ್ನಲ್ಲ.