ಒಂದು ಮರದ ಬೊಂಬೆ, 1,68,480 ಚಿತ್ರಗಳು

ಗಿಯೆರ್ಮೊ ಡೆಲ್ ಟೊರೊ 2022ರಲ್ಲಿ ತೆರೆಗೆ ತಂದ ‘ಪಿನೋಕಿಯೋ’ ಓಡುವುದು 117 ನಿಮಿಷ. ಸೆಕೆಂಡಿಗೆ 24 ಫ್ರೇಮಿನಂತೆ ಗುಣಿಸಿ: 1,68,480! ಇದು ಸ್ಟಾಪ್ ಮೋಷನ್ ಚಿತ್ರ. ಇಲ್ಲಿನ ಬೊಂಬೆಗಳು ತಾವಾಗಿ ಒಂದು ರೆಪ್ಪೆಯನ್ನೂ ಬಡಿಯುವುದಿಲ್ಲ. ಯಾರದೋ ಬೆರಳು ಕೈಯನ್ನೋ ಕತ್ತನ್ನೋ ಒಂದಿಷ್ಟೇ ಇಷ್ಟು ಸರಿಸಬೇಕು, ಕ್ಯಾಮೆರಾ ಕ್ಲಿಕ್ಕಿಸಬೇಕು, ಬೆರಳು ಮತ್ತೆ ಸರಿಸಬೇಕು. ಒಂದೊಂದು ಭಂಗಿ ಎರಡೆರಡು ಫ್ರೇಮಿಗೆ ಬಂತೆಂದು ಲೆಕ್ಕ ಹಿಡಿಯಿರಿ, ಕೊನೆಗೆ ಬರುವ ಹೆಸರುಗಳ ಪಟ್ಟಿಯನ್ನೂ ಕಳೆಯಿರಿ. ಆಗಲೂ ಮುಕ್ಕಾಲು ಲಕ್ಷ ಮೀರಿದ ಭಂಗಿಗಳು!

ಪ್ರತಿ ಫ್ರೇಮನ್ನೂ ಒಂದೇ ಒಂದು ಸೆಕೆಂಡು ನಿಲ್ಲಿಸಿ ನೋಡುತ್ತೇನೆಂದು ಹಟ ಹಿಡಿದವರು ಶುಕ್ರವಾರ ಸಂಜೆ ಆರಕ್ಕೆ ಕೂತರೆ ಏಳುವುದು ಭಾನುವಾರ ಸಂಜೆ ಐದಕ್ಕೆ ಹನ್ನೆರಡು ನಿಮಿಷವಿರುವಾಗ. ಅದೂ ಊಟ, ನಿದ್ದೆ ಬಿಟ್ಟು.

ಇದನ್ನೇ ಹಳೆಯ 35 ಎಂಎಂ ಫಿಲ್ಮಿಗೆ ಇಳಿಸಿದ್ದರೆ ಸುರುಳಿಯ ಉದ್ದ ಸುಮಾರು 3.2 ಕಿಲೋಮೀಟರ್ ಆಗುತ್ತಿತ್ತು. ಕಥೆಯಲ್ಲಿ ಬೊಂಬೆಯನ್ನು ನುಂಗುವ ಆ ದೈತ್ಯ ಮೀನು ನೆನಪಿದೆಯೇ? ಮೂಲ ಕಥೆಗಾರ ಕಾರ್ಲೊ ಕೊಲ್ಲೋಡಿ ತಮ್ಮ ಪುಸ್ತಕದಲ್ಲಿ ಅದಕ್ಕೆ ಕೊಟ್ಟ ಉದ್ದ ಒಂದು ಕಿಲೋಮೀಟರಿಗೂ ಹೆಚ್ಚು, ಬಾಲ ಬಿಟ್ಟು! 30 ಮೀಟರಿನ ನೀಲಿ ತಿಮಿಂಗಿಲಗಳು 33 ಒಂದರ ಹಿಂದೊಂದು ನಿಂತರೂ ಅದಕ್ಕೆ ಸಾಟಿಯಲ್ಲ. ಅಂಥ ಮೀನಿನ ಮೂರು ಪಟ್ಟು ಉದ್ದ ಈ ಸಿನಿಮಾ.

ಚಿತ್ರೀಕರಣಕ್ಕೆ ಹಿಡಿದದ್ದು ಸುಮಾರು 1,000 ದಿನ. ಹತ್ತಾರು ಸೆಟ್‌ಗಳಲ್ಲಿ ಏಕಕಾಲಕ್ಕೆ ಕೆಲಸ ನಡೆದರೂ ದಿನದ ಸರಾಸರಿ ಗಳಿಕೆ ಏಳು ಸೆಕೆಂಡು. ಬಾಯಿತುಂಬ ಒಂದು ಆಕಳಿಕೆ ತೆಗೆಯುವಷ್ಟು ಹೊತ್ತು! ಆದರೆ ಭೂಮಿ ಕಾಯುತ್ತ ಕೂರಲಿಲ್ಲ. ದಿನಕ್ಕೆ ಸುಮಾರು 25 ಲಕ್ಷ ಕಿಲೋಮೀಟರ್ ಓಡುವ ಅದು 1,000 ದಿನಗಳಲ್ಲಿ ಕ್ರಮಿಸುವುದು 250 ಕೋಟಿ ಕಿಲೋಮೀಟರಿಗೂ ಹೆಚ್ಚು. ಸೂರ್ಯನಿಂದ ಶನಿಗ್ರಹಕ್ಕೆ ಇರುವುದೇ ಸುಮಾರು 143 ಕೋಟಿ. ಅಂದರೆ, ಈ ಬೊಂಬೆ ಎರಡು ಗಂಟೆಯೂ ತುಂಬದ ಬದುಕನ್ನು ಬದುಕಿ ಮುಗಿಸುವಷ್ಟರಲ್ಲಿ ಭೂಮಿಯ ಮೇಲಿದ್ದ ನಾವೆಲ್ಲ ಶನಿಯವರೆಗಿನ ದಾರಿಯ ಒಂದೂಮುಕ್ಕಾಲು ಪಟ್ಟು ಸಾಗಿದ್ದೆವು!

ಡೆಲ್ ಟೊರೊ ಈ ಚಿತ್ರವನ್ನು ಘೋಷಿಸಿದ್ದು 2008ರಲ್ಲಿ. ತೆರೆ ಕಂಡದ್ದು 14 ವರ್ಷದ ಮೇಲೆ. ಸೂರ್ಯನಿಗೆ ಒಂದು ಸುತ್ತು ಬರಲು 12 ವರ್ಷ ಹಿಡಿಯುವ ಗುರುಗ್ರಹವೇ ಇಷ್ಟರಲ್ಲಿ ಸುತ್ತು ಮುಗಿಸಿ ಮುಂದೆ ಹೋಗಿತ್ತು.

ಇಷ್ಟು ಚೆಂದದ ಚಿತ್ರ ಇಷ್ಟು ಕರಾಳವಾಗಿರಬೇಕೇ ಎಂದು ಕೇಳುವವರು ಮೂಲವನ್ನು ನೋಡಬೇಕು. 1881ರಲ್ಲಿ ಮಕ್ಕಳ ಪತ್ರಿಕೆಯೊಂದರಲ್ಲಿ ಧಾರಾವಾಹಿ ಆರಂಭಿಸಿದ ಕೊಲ್ಲೋಡಿ, 15ನೇ ಅಧ್ಯಾಯಕ್ಕೆ ನಾಯಕನನ್ನು ಓಕ್ ಮರಕ್ಕೆ ನೇಣುಹಾಕಿಸಿ ಕಥೆ ಮುಗಿಸಿಬಿಟ್ಟಿದ್ದರು! ಮತ್ತೆ ಅವನನ್ನು ಎಬ್ಬಿಸಿದ ಮೇಲೆ ಕಥೆ 36 ಅಧ್ಯಾಯಕ್ಕೆ ಬೆಳೆಯಿತು. ಡಿಸ್ನಿಯ 1940ರ 88 ನಿಮಿಷಗಳ ಚಿತ್ರಕ್ಕೆ ತನ್ನದೇ ಸೊಗಸಿದೆ, ನಿಜ. ಆದರೆ ಮುಸೊಲಿನಿಯ ಇಟಲಿಯಲ್ಲಿ ಬೊಂಬೆಯನ್ನು ನಿಲ್ಲಿಸಿ, ಬಾಂಬಿಗೆ ಮಗನನ್ನು ಕಳೆದುಕೊಂಡ, ಬೊಂಬೆ ಕೆತ್ತಿದ ಬಡಗಿ ಜೆಪೆಟ್ಟೋನನ್ನು ಅದರ ಎದುರಿಗಿಟ್ಟ ಡೆಲ್ ಟೊರೊ ಚಿತ್ರವೇ ನನ್ನ ಮಟ್ಟಿಗೆ ದೊಡ್ಡದು. ಇಲ್ಲಿ ಪಿನೋಕಿಯೋ ಒಮ್ಮೆಯಲ್ಲ, ಹಲವು ಬಾರಿ ಸಾಯುತ್ತಾನೆ. ಪ್ರತಿ ಸಾವಿನ ನಂತರವೂ ಮರಳುಗಡಿಯಾರದ ಮರಳು ಸುರಿದು ಮುಗಿಯುವ ತನಕ ಆಚೆಲೋಕದಲ್ಲಿ ಕಾಯಬೇಕು. ಸತ್ತಷ್ಟೂ ಕಾಯುವ ಹೊತ್ತು ಹಿಗ್ಗುತ್ತದೆ. ಸೆಕೆಂಡು, ಕಿಲೋಮೀಟರು, ಕೋಟಿ ಎಲ್ಲವೂ ಇಲ್ಲಿ ಕೈಚೆಲ್ಲುತ್ತವೆ. ಸಾವು ಕಟ್ಟಿಹಾಕಲಾಗದವನ ಆಯುಸ್ಸನ್ನು ಯಾವ ಅಂಕಿಯಲ್ಲಿ ಬರೆಯುವುದು?

‘ನಾಟು ನಾಟು’ ಆಸ್ಕರ್ ಗೆದ್ದ 2023ರ ಅದೇ ಸಮಾರಂಭದಲ್ಲಿ ಅತ್ಯುತ್ತಮ ಅನಿಮೇಷನ್ ಚಿತ್ರದ ಪ್ರಶಸ್ತಿ ಈ ಬೊಂಬೆಗೆ ಸಂದಿತು. ಸ್ವಲ್ಪ ದೊಡ್ಡ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಫೋನು ದೂರವಿಟ್ಟು ನೋಡಿ. ಸಾವಿರ ದಿನ ದುಡಿದವರು ನಮ್ಮಿಂದ ಕೇಳುತ್ತಿರುವುದು ಎರಡು ಗಂಟೆಗೆ ಮೂರು ನಿಮಿಷ ಕಡಿಮೆ.