ಹಳೇ ಹಾರ್ಡ್ ಡಿಸ್ಕ್ ಜೊತೆ ನಿಯೋಡಿಮಿಯಂ ಕೂಡ ಗುಜರಿಗೆ

ಕೋಣನಕುಂಟೆಯ ಗುಜರಿ ಅಂಗಡಿಗೆ ಹಳೇ ಕಂಪ್ಯೂಟರ್ ಕೊಟ್ಟರೆ ಕಬ್ಬಿಣ, ತಾಮ್ರ, ಬೋರ್ಡು ಅಂತ ತೂಕ ಹಾಕಿ ದುಡ್ಡು ಕೊಡ್ತಾರೆ. ಹಾರ್ಡ್ ಡಿಸ್ಕಿನ ಒಳಗಿರುವ ಪುಟ್ಟ ಆಯಸ್ಕಾಂತವನ್ನು ಕೇಳುವವರಿಲ್ಲ. ಆದರೆ ಅದೇ ಜಾತಿಯ ಆಯಸ್ಕಾಂತಕ್ಕಾಗಿ 2025ರಲ್ಲಿ ಇವಿ ಕಂಪನಿಗಳು ಪರದಾಡಿದವು. ಏಪ್ರಿಲ್ 4ರಂದು ಚೀನಾ ಡಿಸ್ಪ್ರೋಸಿಯಂ, ಟರ್ಬಿಯಂ ಸೇರಿ ಏಳು ವಿರಳ ಭೂಲೋಹಗಳಿಗೆ, ಅವು ಬೆರೆತ ಆಯಸ್ಕಾಂತಗಳಿಗೆ ರಫ್ತು ಪರವಾನಗಿ ಕಡ್ಡಾಯ ಮಾಡಿತ್ತು.

ಈ ಆಯಸ್ಕಾಂತದ ತೂಕದಲ್ಲಿ ಹೆಚ್ಚುಕಡಿಮೆ ಮೂರನೇ ಎರಡು ಭಾಗ ಕಬ್ಬಿಣ. ನಿಯೋಡಿಮಿಯಂ ಮತ್ತದರ ಬಳಗ ಶೇ. 30ರ ಆಸುಪಾಸು. ಇವೆರಡನ್ನು ಬಿಡಿಸೋದು ಹೇಗೆ?

ಆಯಸ್ಕಾಂತವನ್ನು ಪುಡಿ ಮಾಡಿ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿ, ಕಬ್ಬಿಣವನ್ನು ಉತ್ಕರ್ಷಿಸಿದರೆ ಒಂದು ತಮಾಷೆ ನಡೆಯುತ್ತೆ. ಕ್ಲೋರೈಡ್ ಧಾರಾಳವಾಗಿದ್ದಾಗ ಕಬ್ಬಿಣ ನಾಲ್ಕು ಕ್ಲೋರೈಡ್‌ಗಳನ್ನು ಅಂಟಿಸಿಕೊಂಡು ಋಣ ಆವೇಶದ ಅಯಾನ್ ಆಗುತ್ತೆ. ನಿಯೋಡಿಮಿಯಂ ಧನವಾಗಿಯೇ ಉಳಿಯುತ್ತೆ. ಈಗ ಬೇಕಿರೋದು ಋಣ ಅಯಾನನ್ನು ಮಾತ್ರ ಹಿಡಿಯುವ ಬಲೆ.

ಆ ಬಲೆಯೇ ಕ್ವಾಟರ್ನರಿ ಅಮೋನಿಯಂ ಲವಣ. ಹೆಸರು ಕೇಳಿ ಹೆದರಬೇಡಿ, ಇದರ ದಾಯಾದಿ ಬೆಂಜಾಲ್ಕೋನಿಯಂ ಕ್ಲೋರೈಡ್ ನೀವು ನೆಲ ಒರೆಸುವ ಲೈಜಾಲ್‌ನಲ್ಲೇ ಇದೆ. ಸಾರಜನಕದ ಪರಮಾಣುವಿಗೆ ನಾಲ್ಕೂ ಕಡೆ ಇಂಗಾಲದ ಗುಂಪುಗಳು, ಹಾಗಾಗಿ ಅದರ ಧನ ಆವೇಶ ಕಾಯಂ. ಲೋಹದ ಕೆಲಸಕ್ಕೆ ಹೆಸರುವಾಸಿಯಾದದ್ದು ಅಲಿಕ್ವಾಟ್ 336. (ಇದನ್ನು ಮೊದಲು ಮಾರಿದ್ದು ಜನರಲ್ ಮಿಲ್ಸ್. ಹೌದು, ಆಮೇಲೆ ಪಿಲ್ಸ್‌ಬರಿಯನ್ನು ಕೊಂಡ ಅದೇ ತಿಂಡಿ ಕಂಪನಿ!) ಉದ್ದನೆಯ ಸರಪಳಿಗಳಿರುವುದರಿಂದ ಇದು ನೀರಿಗಿಂತ ಎಣ್ಣೆಯಲ್ಲಿ ಇರೋಕೇ ಇಷ್ಟಪಡುತ್ತೆ. ಸೀಮೆಎಣ್ಣೆಯಂಥ ದ್ರಾವಕದಲ್ಲಿ ಬೆರೆಸಿ, ಆಮ್ಲದ ದ್ರಾವಣದ ಜೊತೆ ಚೆನ್ನಾಗಿ ಕಲಕಿ ಬಿಟ್ಟರೆ, ಸಾರಿನ ಮೇಲೆ ಒಗ್ಗರಣೆ ತೇಲಿದ ಹಾಗೆ ಎರಡು ಪದರ. ಕಬ್ಬಿಣ ಮೇಲಿನ ಎಣ್ಣೆಗೆ ಹೋಗುತ್ತೆ, ನಿಯೋಡಿಮಿಯಂ ಕೆಳಗೆ ನೀರಿನಲ್ಲಿ ಉಳಿಯುತ್ತೆ. ಆಕ್ಸಾಲಿಕ್ ಆಮ್ಲ ಹಾಕಿದರೆ ಅದು ಪುಡಿಯಾಗಿ ತಳಕ್ಕಿಳಿಯುತ್ತೆ. ಎಣ್ಣೆಯಿಂದ ಕಬ್ಬಿಣ ತೊಳೆದು ಮತ್ತೆ ಬಳಸಬಹುದು.

ನಿಯೋಡಿಮಿಯಂನಿಂದ ಅದರ ಅವಳಿಯಂಥ ಪ್ರೆಸಿಯೋಡಿಮಿಯಂ ಬಿಡಿಸೋದು ಬೇರೆಯೇ ತಲೆನೋವು. ಬೇರೆ ದ್ರಾವಕ, ಹತ್ತಾರು ಹಂತ. ಚೀನಾದ ನಿಜವಾದ ಹಿಡಿತ ಇರೋದು ಗಣಿಗಿಂತ ಹೆಚ್ಚಾಗಿ ಅಲ್ಲಿ.

ಆದರೆ ನಮ್ಮ ಆಯಸ್ಕಾಂತ ಮೊದಲ ಹಂತದವರೆಗೂ ಬರಲ್ಲ. ಇ-ತ್ಯಾಜ್ಯ ನಿಯಮ 2022 ಜಾರಿಯಾದದ್ದು 2023ರ ಏಪ್ರಿಲ್ 1ರಂದು. ಅದರಡಿ ಮರುಬಳಕೆದಾರರಿಗೆ ಮಾರಲು ಪ್ರಮಾಣಪತ್ರ ಸಿಗುತ್ತೆ, ಉತ್ಪಾದಕರು ಅದನ್ನು ಕೊಳ್ಳಲೇಬೇಕು. ಪ್ರಮಾಣಪತ್ರ ಶುರುವಾಗಿದ್ದು ನಾಲ್ಕೇ ಲೋಹಗಳಿಗೆ: ಚಿನ್ನ, ತಾಮ್ರ, ಕಬ್ಬಿಣ, ಅಲ್ಯೂಮಿನಿಯಂ. ಹಾಗಿದ್ದ ಮೇಲೆ ಆಯಸ್ಕಾಂತ ಬಿಚ್ಚೋರ್ಯಾರು? ಡಿಸ್ಕನ್ನು ಇಡಿಯಾಗಿ ಪುಡಿಗಟ್ಟಿದರೆ ಆಯಸ್ಕಾಂತದ ಚೂರುಗಳು ಉಕ್ಕಿಗೆ ಅಂಟಿಕೊಂಡು ಕುಲುಮೆ ಸೇರುತ್ತವೆ, ನಿಯೋಡಿಮಿಯಂ ಕಿಟ್ಟದಲ್ಲಿ ಹೋಗುತ್ತೆ.

2025ರ ಸೆಪ್ಟೆಂಬರ್ 3ರಂದು ಕೇಂದ್ರ ಸಂಪುಟ ಮಹತ್ವದ ಖನಿಜಗಳ ಮರುಬಳಕೆಗೆ 1,500 ಕೋಟಿ ರೂಪಾಯಿ ಯೋಜನೆ ಒಪ್ಪಿತು. ಒಳ್ಳೇದೇ. ಘಟಕ ಕಟ್ಟೋಕೆ ಸಹಾಯಧನ ಸಿಗುತ್ತೆ. ಆದರೆ ಘಟಕಕ್ಕೆ ಆಯಸ್ಕಾಂತ ತಲುಪಿಸುವ ಕೈಗಳಿಗೂ, ಅಂದ್ರೆ ಗೌರಿಪಾಳ್ಯದಲ್ಲಿ ಕೂತು ಸ್ಕ್ರೂಡ್ರೈವರ್ ಹಿಡಿದು ಬಿಚ್ಚುವವರಿಗೂ, ಕಾಸು ಹುಟ್ಟಬೇಕಲ್ಲ?

ಇನ್ನೊಂದು ಮಾತು. ಕ್ರಿಮಿ ಕೊಲ್ಲುವುದು ಈ ಲವಣಗಳ ಗುಣ. ಚರಂಡಿ ಸೇರಿದರೆ ಕೊಳಚೆ ಶುದ್ಧೀಕರಣ ಘಟಕದ ಬ್ಯಾಕ್ಟೀರಿಯಾಗಳೂ ಸಾಯುತ್ತವೆ, ಕೆರೆ ಸೇರಿದರೆ ಮೀನು. ನಾಳೆ ಬಿಡದಿಯಲ್ಲೋ ದಾಬಸ್‌ಪೇಟೆಯಲ್ಲೋ ಇಂಥ ಘಟಕ ಬಂದರೆ, ಹೂಡಿಕೆ ಎಷ್ಟು ಕೋಟಿ ಅಂತ ಕೇಳೋಕೆ ಮೊದಲು ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪತ್ರ ತೆರೆದು, ಹೊರಬಿಡುವ ನೀರಿನಲ್ಲಿ ಈ ಲವಣಕ್ಕೆ ಮಿತಿ ಹಾಕಿದ್ದಾರಾ ನೋಡಿ.