ಬಯಲುಸೀಮೆಯವರು ಕಂಡ ಹಡಗು

ನಮ್ಮ ಪ್ರಾಚೀನ ಕವಿಗಳು ಮಹಾಕಾವ್ಯಕ್ಕೆ ಕೈಹಾಕಿದರೆ ಹದಿನೆಂಟು ವರ್ಣನೆಗಳಲ್ಲಿ ಕಡಲನ್ನೂ ವರ್ಣಿಸಬೇಕಾಗಿತ್ತು. ಕಡಲನ್ನು ಕಂಡಿರಬೇಕೆಂಬ ನಿಯಮವೇನೂ ಇರಲಿಲ್ಲ. ಗದಗಿನಲ್ಲಿ ಆ ಪದ್ಯಗಳಿಗೆ ಅರ್ಥ ಹೇಳುವಾಗ ನನ್ನೆದುರು ಕೂಡುವವರು ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಕಡೆಯ ಒಕ್ಕಲು ಮಕ್ಕಳು. ಮಳೆಗಾಲದ ತುಂಗಭದ್ರೆಗಿಂತ ದೊಡ್ಡ ನೀರನ್ನು ಅವರಲ್ಲಿ ಹಲವರು ಕಂಡವರಲ್ಲ. ಆದುದರಿಂದ ಕಳೆದ ಚಳಿಗಾಲದಲ್ಲಿ ಅವರನ್ನು ಕಾರವಾರಕ್ಕೆ ಕರೆದೊಯ್ದೆವು.

ಅಲ್ಲಿಯ ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ ‘ಚಪಲ್’ ಎಂಬ ಯುದ್ಧನೌಕೆ ನೆಲದ ಮೇಲೆ ನಿಂತಿದೆ. ಸೋವಿಯತ್ ದೇಶದಲ್ಲಿ ನಿರ್ಮಾಣಗೊಂಡು, 1976ರಲ್ಲಿ ನಮ್ಮ ನೌಕಾಪಡೆಯನ್ನು ಸೇರಿ, 2005ರಲ್ಲಿ ನಿವೃತ್ತವಾದ ಈ ಕ್ಷಿಪಣಿನೌಕೆ ಈಗ ವಸ್ತುಸಂಗ್ರಹಾಲಯ. ಉದ್ದ ಸುಮಾರು 39 ಮೀಟರು. ಮೇಲೆ ನಾಲ್ಕು ಕ್ಷಿಪಣಿಗಳ ಗೂಡುಗಳು. ಒಳಗಿಳಿದರೆ ಹಗೇವಿಗೆ ಇಳಿದಂತಹ ಇಕ್ಕಟ್ಟು. ಸಮವಸ್ತ್ರ ತೊಟ್ಟ ಬೊಂಬೆಗಳು ನಾವಿಕರ ಸ್ಥಾನದಲ್ಲಿ ಕಾವಲಿವೆ. ಸನಿಯದಲ್ಲೇ ನಿವೃತ್ತ ಟುಪೊಲೆವ್ ವಿಮಾನವೊಂದು ರೆಕ್ಕೆ ಚಾಚಿದೆ. ಅದನ್ನು ಕಂಡು ಮುಂಡರಗಿಯ ಹುಡುಗನೊಬ್ಬ ಕೇಳಿದ: “ವಿಮಾನ ಈ ಹಡಗಿನ ಮೇಲೇ ಇಳಿಯುತ್ತಿತ್ತೇನ್ರಿ?”

ವಿಮಾನ ಇಳಿಯುವ ಹಡಗು ಬೇರೆ. ಎಂ.ಎ. ವಿದ್ಯಾರ್ಥಿಯಾಗಿದ್ದಾಗ ಅಂಥದೊಂದನ್ನು ನಾನು ಮುಂಬಯಿಯಲ್ಲಿ ಹತ್ತಿದ್ದೆ. ಅದು ‘ವಿಕ್ರಾಂತ್’. ಬ್ರಿಟಿಷರು ಅರ್ಧಕ್ಕೆ ಬಿಟ್ಟ ನೌಕೆಯನ್ನು ಭಾರತವು 1957ರಲ್ಲಿ ಕೊಂಡು, 1961ರಲ್ಲಿ ಸೇವೆಗೆ ಸೇರಿಸಿಕೊಂಡಿತು. ಇನ್ನೂರು ಮೀಟರಿಗೂ ಮಿಕ್ಕ ಆ ಅಟ್ಟದ ಮೇಲೆ ನಿಂತಾಗ ಹಡಗಿನಲ್ಲಿರುವೆನೆಂಬುದೇ ಮರೆತಿತ್ತು. ಹಕ್ಕಿ ಹಾರಿಸುವ ಕವಣೆಯಂತೆ ಉಗಿಯ ಬಲದಿಂದ ವಿಮಾನವನ್ನು ಮುಂದಕ್ಕೆಸೆಯುತ್ತಿದ್ದರು. ಇಳಿಯುವ ವಿಮಾನದ ಬಾಲದ ಕೊಕ್ಕೆ ಅಡ್ಡ ಬಿಗಿದ ಉಕ್ಕಿನ ಹಗ್ಗಕ್ಕೆ ಸಿಲುಕಿ ಓಟ ನಿಲ್ಲುತ್ತಿತ್ತು. 1971ರ ಡಿಸೆಂಬರಿನಲ್ಲಿ ಇದರಿಂದ ಹಾರಿದ ಸೀಹಾಕ್, ಅಲೀಜ್ ವಿಮಾನಗಳು ಚಿತ್ತಗಾಂಗ್, ಕಾಕ್ಸ್ ಬಜಾರುಗಳ ಮೇಲೆ ದಾಳಿ ಮಾಡಿದವು.

“ಅದನ್ನೂ ನೋಡಲು ಹೋಗೋಣ” ಎಂದರು ಮಕ್ಕಳು. ಹೋಗುವುದೆಲ್ಲಿಗೆ? 1997ರಲ್ಲಿ ನಿವೃತ್ತವಾದ ವಿಕ್ರಾಂತ್ ಕೆಲವು ವರ್ಷ ಸಂಗ್ರಹಾಲಯವಾಗಿತ್ತು. ಸುರಕ್ಷಿತವಲ್ಲವೆಂದು 2012ರಲ್ಲಿ ಬಾಗಿಲು ಮುಚ್ಚಿತು. ಉಳಿಸಬೇಕೆಂದು ಕೆಲವರು ನ್ಯಾಯಾಲಯದ ಮೆಟ್ಟಿಲೇರಿದರೂ 2014ರಲ್ಲಿ ಗುಜರಿಗೆ ಹೋಯಿತು. ಅದರ ಲೋಹದ ಒಂದಂಶ ಮೋಟಾರು ಸೈಕಲ್ಲಿನ ಮೈಗೆ ಸೇರಿತು. ನ್ಯೂಯಾರ್ಕಿನ ‘ಇಂಟ್ರೆಪಿಡ್’ 1982ರಿಂದ ಸಂಗ್ರಹಾಲಯವಾಗಿ ಉಳಿದುಬಂದಿದೆ. 2022ರಲ್ಲಿ ಕೊಚ್ಚಿಯಲ್ಲಿ ವಿಕ್ರಾಂತ್ ಎಂಬ ಹೆಸರಿನ ಹೊಸ ನೌಕೆಯೊಂದು ಸೇವೆಗೆ ಸೇರಿತು. ಹೆಸರು ಮರಳಿತು, ಹಳೆಯ ಮೈ ಮರಳಲಿಲ್ಲ.

“ಅಷ್ಟು ದೊಡ್ಡದನ್ನು ಯಾಕ ಉಳಿಸಲಿಲ್ಲ?” ಎಂದು ಅದೇ ಹುಡುಗ ಕೇಳಿದ. ದೊಡ್ಡದಾದುದರಿಂದಲೇ, ಎಂದೆ. ಕಬ್ಬಿಣಕ್ಕೆ ಕಡಲ ಉಪ್ಪು ವೈರಿ. ದಿನವೂ ಆರೈಕೆ ಬೇಕು, ಆರೈಕೆಗೆ ಹಣ ಬೇಕು. ಆದರೆ ಉತ್ತರ ನನಗೇ ಒಪ್ಪಿಗೆಯಾಗಲಿಲ್ಲ. ನಮ್ಮ ಸೀಮೆಯ ಹಿರಿಯರು ತುರು ಕಾಯ್ದು ಮಡಿದವನಿಗೂ ವೀರಗಲ್ಲು ನಿಲ್ಲಿಸಿದರು: ಕೆಳಗೆ ಕಾಳಗ, ನಡುವೆ ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಸನ್ನಿಧಿ. ಕಲ್ಲಿಗೆ ತುಕ್ಕಿಲ್ಲ, ಖರ್ಚೂ ಇಲ್ಲ. ಹಾಗಿದ್ದೂ ಅವುಗಳಲ್ಲೆಷ್ಟನ್ನು ನಾವು ಬಟ್ಟೆ ಒಗೆಯುವ ಬಂಡೆ ಮಾಡಿಕೊಂಡಿಲ್ಲ!

ಹುಬ್ಬಳ್ಳಿ ದಾಟುವವರೆಗೆ ಯಾರೂ ಮಾತಾಡಲಿಲ್ಲ. ಬಳಿಕ ಶಿರಹಟ್ಟಿ ಕಡೆಯ ಹುಡುಗಿ ಮೆಲ್ಲನೆ ಹೇಳಿದಳು: “ನಮ್ಮೂರ ಕೆರೆಯ ದಂಡ್ಯಾಗ ಅಂಥಾದೊಂದು ಕಲ್ಲು ಬೋರಲ ಬಿದ್ದೈತ್ರಿ.” ಬರುವ ಭಾನುವಾರ ಅಲ್ಲಿಗೆ ಹೊರಟಿದ್ದೇವೆ.